ಗುರುತಮ್ಮ ಕಲಿಸಿದ ಓದು

ಲಾಂಡ್ರಿಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು, ಆದರೆ ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರಿಗೂ ಅವಳು ಗುರುತಮ್ಮ. ಮುನ್ನೂರ ಎಂಬತ್ತು ಮನೆ, ಎರಡು ಆಸ್ಪತ್ರೆ, ಒಂದು ಹೋಟೆಲು, ಇಷ್ಟು ಕಡೆಯ ಬಟ್ಟೆ ಬಂದು ಆ ಲಾಂಡ್ರಿಯ ಸಿಮೆಂಟು ನೆಲದ ಮೇಲೆ ಗುಡ್ಡೆ ಬೀಳುತ್ತಿತ್ತು. ಯಾರದ್ದು ಯಾವುದು ಅಂತ ತಿಳಿಯಲು ಒಂದೊಂದು ಬಟ್ಟೆಯ ಒಳಮಡಿಕೆಗೂ ದಾರದಲ್ಲಿ ಗುರುತು ಹಾಕಬೇಕು. ಆ ಕೆಲಸ ಅವಳದು. ಎರಡು ಚುಕ್ಕೆ ಒಂದು ಗೆರೆ ಅಂದರೆ ಕಣ್ಣಿನ ಡಾಕ್ಟರ ಮನೆ. ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿದ್ದರೆ ಕಾಲು ಕೆರೆದು ಜಗಳಕ್ಕೆ ಬರುವ ವಕೀಲರ ಮನೆ. ನೀಲಿ ದಾರ ಸಾಮಾನ್ಯ ಗಿರಾಕಿಗೆ. ಕೆಂಪು ದಾರ ಬಿತ್ತು ಅಂದರೆ ಅದು ದೊಡ್ಡವರ ಬಟ್ಟೆ, ಕೈಯಲ್ಲೇ ಒಗೆದು ಜೋಪಾನ ಮಾಡಬೇಕಾದ್ದು. ಮಾಲೀಕ ಒಮ್ಮೆ ಆಸೆಬಿದ್ದು ಕಂಪ್ಯೂಟರು ತಂದಿಟ್ಟ. ಎರಡೇ ತಿಂಗಳಲ್ಲಿ ಯಾರದೋ ಲಂಗ ಇನ್ಯಾರದೋ ಮನೆ ಸೇರಿ ಬೀದಿರಂಪವಾಯಿತು ನೋಡಿ, ಅದಕ್ಕೊಂದು ಹಳೇ ಬೆಡ್‌ಶೀಟು ಹೊದಿಸಿ ಮೂಲೆಗೆ ತಳ್ಳಿದ. ಮೂವತ್ತೊಂದು ವರ್ಷದಲ್ಲಿ ಗುರುತಮ್ಮನ ಕೈಯಲ್ಲಿ ಒಂದು ಕರ್ಚೀಫೂ ಅದಲುಬದಲಾಗಿರಲಿಲ್ಲ. ಆ ಜಂಬ ಅವಳಿಗಿತ್ತು. ಇರಲಿ ಬಿಡಿ, ಜಂಬ ಪಡುವುದಕ್ಕೆ ಅವಳ ಹತ್ತಿರ ಬೇರೆ ಏನು ಕೊಳೆಯುತ್ತಾ ಬಿದ್ದಿತ್ತು?

ಅವಳಿಗೆ ಓದಲು ಬರುತ್ತಿರಲಿಲ್ಲ. ಒಂದಕ್ಷರವೂ ಬರುತ್ತಿರಲಿಲ್ಲ. ಬರದೇ ಇರುವುದು ಪಾಪವೇನಲ್ಲ, ಎಷ್ಟೋ ಜನಕ್ಕೆ ಬರುವುದಿಲ್ಲ. ಆದರೆ ಮಗನಿಗೆ ಹೆಣ್ಣು ನೋಡಲು ಹೋದಾಗ ಒಂದು ಎಡವಟ್ಟಾಯಿತು. ಹುಡುಗಿ ಹತ್ತನೇ ಕ್ಲಾಸು ಪಾಸಾದವಳು. ಅವಳ ಸೋದರತ್ತೆ ಸುಮ್ಮನೆ ಮಾತಿಗೆ, ಹುಡುಗನ ತಾಯಿ ಎಲ್ಲಿವರೆಗೆ ಓದಿದ್ದಾರೆ ಅಂತ ಕೇಳಿದಳು. ನಾಲ್ಕನೇ ಕ್ಲಾಸು ಅಂತ ಗುರುತಮ್ಮನ ಬಾಯಿಂದ ಬಂದೇಬಿಟ್ಟಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಆ ಸಾವಿರದಲ್ಲಿ ಇದೊಂದು ಅಂತ ಸಮಾಧಾನ ಮಾಡಿಕೊಂಡಳು. ಮದುವೆ ಮುಗಿಯಿತು, ಸುಳ್ಳು ಮಾತ್ರ ಸೊಸೆಯ ಹಿಂದೆಯೇ ಮನೆಯೊಳಗೆ ಬಂತು. ಅಂದಿನಿಂದ ಸೊಸೆ ಕಾಣುವ ಹಾಗೆ ಪೇಪರು ಹಿಡಿದು ಕೂರುವುದು, ಎರಡು ಪುಟ ತಿರುವುವುದು, ಏನು ಕಾಲ ಬಂತಪ್ಪಾ ಅಂತ ಮಡಚಿಡುವುದು ನಡೆಯಿತು. ಯಾವ ದಿನದ ಪೇಪರಿಗೂ ಆ ಮಾತು ಸರಿಹೋಗುತ್ತಿತ್ತು. ಏನಾದರೂ ಓದಲೇಬೇಕಾದ ಹೊತ್ತು ಬಂದರೆ ಕನ್ನಡಕ ಲಾಂಡ್ರಿಯಲ್ಲೇ ಉಳಿದಿರುತ್ತಿತ್ತು. ಗುಟ್ಟು ಗೊತ್ತಿದ್ದವನು ಮಗ ಒಬ್ಬನೇ. ಹಾಜರಿ ಪುಸ್ತಕಕ್ಕೆ ಬೇಕು ಅಂತ ಒಂದು ಸಹಿ ಕಲಿಸಿಕೊಟ್ಟಿದ್ದವನೂ ಅವನೇ. ಅವಳಿಗೆ ಅದೂ ಒಂದು ಗುರುತೇ, ಏಳು ಸಲ ಪೆನ್ನು ಎಳೆದರೆ ಮುಗಿಯಿತು. ಆ ಮಗ ಮೂರು ವರ್ಷದ ಕೆಳಗೆ ಕಾಮಾಲೆ ಬಂದು ತೀರಿಕೊಂಡ.

ಉಳಿದವರು ಮೂರು ಜನ: ಅತ್ತೆ, ಸೊಸೆ, ಏಳು ವರ್ಷದ ಮೊಮ್ಮಗಳು. ವಯಸ್ಸಿಗೆ ತಕ್ಕ ಎತ್ತರ ಬಂದಿರಲಿಲ್ಲ ಅಂತ ಅವಳನ್ನು ಚೋಟು ಅಂತಲೇ ಕರೆಯುತ್ತಿದ್ದರು. ಇದ್ದಿದ್ದು ಎರಡು ಕೋಣೆ. ಹಿಂದಿನದರಲ್ಲಿ ಒಲೆ, ಮುಂದಿನದರಲ್ಲಿ ಒಂದು ಮಂಚ, ಕಾಲು ಅಲ್ಲಾಡುವ ಮೇಜು, ಬೀದಿಗೆ ತೆರೆಯುವ ಕಿಟಕಿ. ಸೊಸೆ ಆಸ್ಪತ್ರೆಯಲ್ಲಿ ಆಯಾ, ಮಧ್ಯಾಹ್ನ ಎರಡಕ್ಕೆ ಹೋದರೆ ಬರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಹಾಗಾಗಿ ಶಾಲೆ ಬಿಟ್ಟ ಮೇಲೆ ಚೋಟು ಪೂರ್ತಿ ಅಜ್ಜಿಯ ಪಾಲು.

ಎರಡನೇ ತರಗತಿ ಶುರುವಾದ ತಿಂಗಳಲ್ಲೇ ಟೀಚರ್ ಸೊಸೆಯನ್ನು ಕರೆಸಿದರು. ಒರಟಿಯಲ್ಲ ಆ ಟೀಚರ್, ಐವತ್ತೆರಡು ಮಕ್ಕಳನ್ನು ಒಬ್ಬಳೇ ಸಂಭಾಳಿಸಿ ಸಂಭಾಳಿಸಿ ದನಿ ಕಳಕೊಂಡಿದ್ದ ಹೆಂಗಸು. ಹುಡುಗಿಗೆ ಅಕ್ಷರ ಇನ್ನೂ ಕೂಡುತ್ತಿಲ್ಲ, ಅಂದರು. ದಿನಾ ಅರ್ಧ ಗಂಟೆ ಮನೆಯಲ್ಲಿ ಯಾರಾದರೂ ಪಕ್ಕ ಕೂತು, ಒಂದೊಂದೇ ಅಕ್ಷರದ ದನಿ ಹೇಳಿಸಿ, ಕೂಡಿಸಿ ಓದಿಸಬೇಕು, ನಾಲ್ಕು ಪದ ಬರೆಸಬೇಕು. ಓದಿಸಿದವರು ಡೈರಿಯಲ್ಲಿ ಸಹಿ ಹಾಕಬೇಕು. ಮನೆಯಲ್ಲಿ ಓದಿಸುವವರೇ ಇಲ್ಲದ ಆರು ಮಕ್ಕಳನ್ನು ಟೀಚರೇ ಸಂಜೆ ಕೂರಿಸಿಕೊಳ್ಳುತ್ತಿದ್ದರು, ಆರಕ್ಕಿಂತ ಹೆಚ್ಚು ಆಗದು. ಅರ್ಧ ವರ್ಷದ ಪರೀಕ್ಷೆಯಲ್ಲಿ ಹೊಸ ಪುಸ್ತಕ ಕೊಟ್ಟು ಓದಿಸುತ್ತಾರೆ, ಆಗಲೂ ಬರದಿದ್ದರೆ ಸೇತುವೆ ಆಚೆಯ ಶಾಲೆಗೆ ಕಳಿಸುತ್ತಾರೆ ಅಂತಲೂ ಹೇಳಿದರು. ಸೇತುವೆ ಆಚೆಯ ಶಾಲೆ ಯಾರಿಗೆ ಗೊತ್ತಿಲ್ಲ. ಬುದ್ಧಿ ಬೆಳೆಯದ ಮಕ್ಕಳನ್ನು ಇಟ್ಟುಕೊಳ್ಳುವ ಜಾಗ. ಅಲ್ಲಿ ಮಣಿ ಪೋಣಿಸುವುದು, ಕಾಗದ ಮಡಚುವುದು ಕಲಿಸುತ್ತಾರೆ, ಪುಸ್ತಕದ ಗೋಜಿಲ್ಲ. ಅಲ್ಲಿಗೆ ಹೋದ ಮಗು ಈ ಕಡೆಯ ಶಾಲೆಗೆ ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಮನೆಯಲ್ಲಿ ಓದಿಸುವವರು ಇದ್ದಾರಾ ಅಂತ ಟೀಚರ್ ಕೇಳಿದಾಗ ಸೊಸೆ ತಲೆಯೆತ್ತಿ ಹೇಳಿದಳಂತೆ: ನಮ್ಮತ್ತೆ ಇದ್ದಾರೆ, ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾರೆ. ಸಂಜೆ ಪಾಠದಲ್ಲಿ ಉಳಿದಿದ್ದ ಆರನೇ ಜಾಗ ಇನ್ನೊಂದು ಮಗುವಿಗೆ ಹೋಯಿತು.

ಮನೆಗೆ ಬಂದು ಸೊಸೆ ಡೈರಿ ಕೈಗಿಟ್ಟಾಗ ಗುರುತಮ್ಮನಿಗೆ ನುಂಗಲಾರದ ತುತ್ತಾಯಿತು. ಆಗಲೇ ಹೇಳಬಹುದಿತ್ತು. ನನಗೆ ಬರಲ್ಲ ಕಣಮ್ಮ ಅಂದಿದ್ದರೆ ಸೊಸೆ ಎರಡು ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದಳು, ಅಷ್ಟೇ. ಆದರೆ ಒಂಬತ್ತು ವರ್ಷ ಪೇಪರು ಮಡಚಿಟ್ಟವಳು ಯಾವ ಬಾಯಲ್ಲಿ ಹೇಳಿಯಾಳು? ಅದಕ್ಕೇನಂತೆ, ನಾನು ನೋಡ್ಕೋತೀನಿ ಬಿಡು, ಅಂದುಬಿಟ್ಟಳು.

ನೋಡಿಕೊಳ್ಳುವುದೇನೋ ನೋಡಿಕೊಂಡಳು. ಅವಳ ದಾರಿಯಲ್ಲೇ ನೋಡಿಕೊಂಡಳು. ಮಾರನೆಯ ದಿನ ಚೋಟುವಿನ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಲಾಂಡ್ರಿಗೆ ಹೋದಳು. ಆ ಶಾಲೆಗೆ ಮಧ್ಯಾಹ್ನದ ಮೇಲೆ ಪಾಠ, ಬೆಳಿಗ್ಗೆ ಪುಸ್ತಕ ಮನೆಯಲ್ಲೇ ಇರುತ್ತಿತ್ತು. ಇಸ್ತ್ರಿ ಮಾಡುವ ಮುದುಕನ ಪಕ್ಕ ಕೂತು, ಕನ್ನಡಕ ಮನೇಲೇ ಉಳೀತು, ಈ ಪಾಠ ಸ್ವಲ್ಪ ಬೆರಳಿಟ್ಟು ಓದಿ ಹೇಳಣ್ಣ ಅಂದಳು. ಮನೆಯಲ್ಲಿದ್ದಾಗ ಲಾಂಡ್ರಿಯಲ್ಲಿ, ಲಾಂಡ್ರಿಯಲ್ಲಿದ್ದಾಗ ಮನೆಯಲ್ಲಿ ಉಳಿಯುವ ಕನ್ನಡಕ ಅದು! ಮುದುಕನಿಗೆ ಅರ್ಥವಾಗಿರಬೇಕು, ಆದರೂ ಏನೂ ಕೇಳದೆ ಓದಿದ. ಅವನು ಒಂದೊಂದು ಪದದ ಮೇಲೆ ಬೆರಳಿಟ್ಟ ಹಾಗೆ ಇವಳು ಆ ಪದದ ಕೆಳಗೆ ಸೀಸದ ಕಡ್ಡಿಯಲ್ಲಿ ಸಾಸಿವೆಯಷ್ಟು ಗುರುತು ಹಾಕುತ್ತಾ ಬಂದಳು. ಮನೆ ಅನ್ನುವುದಕ್ಕೆ ಒಂದು ಕೊಕ್ಕೆ. ಹಸು ಅನ್ನುವುದಕ್ಕೆ ಎರಡು ಚುಕ್ಕೆ ನಡುವೆ ಗೆರೆ. ಬಂತು, ಹೋಯಿತು, ಕೊಟ್ಟಳು, ಎಲ್ಲಕ್ಕೂ ಒಂದೊಂದು. ಮುನ್ನೂರ ಎಂಬತ್ತು ಮನೆ ನೆನಪಿಟ್ಟವಳಿಗೆ ಮುನ್ನೂರು ಪದ ಯಾವ ಮಹಾ.

ಸಂಜೆ ಮೇಜಿನ ಮೇಲೆ ಪುಸ್ತಕ ತೆರೆದು ಚೋಟುವಿಗೆ ಗುರುತು ಕಲಿಸಿದಳು. ಹುಡುಗಿ ಚುರುಕು. ನಾಲ್ಕು ದಿನದಲ್ಲಿ ಒಂದು ಪಾಠ ಗಡಗಡನೆ ಹೇಳಿದಳು. ಅದಕ್ಕಿಂತ ಹೆಚ್ಚಿನದು ಇನ್ನೊಂದಾಯಿತು. ಆ ಗುರುತು ನೋಡಿಕೊಂಡು ಗುರುತಮ್ಮನೂ ಓದಿದಳು. ಐವತ್ತೆಂಟು ವರ್ಷಕ್ಕೆ ಮೊದಲ ಸಲ ಒಂದು ಪುಟ ಅವಳ ಜೊತೆ ಮಾತಾಡಿತು. ಕಳೆದುಹೋದ ಹಸುವಿನ ಕಥೆ ಓದಿ ಅವಳ ಕಣ್ಣಲ್ಲಿ ನೀರು ಬಂತು ಅಂದರೆ ನಗಬೇಡಿ. ಅಯ್ಯೋ, ಇಷ್ಟೇನಾ ಓದು ಅಂದರೆ, ಇದಕ್ಕಾ ಇಷ್ಟು ವರ್ಷ ಹೆದರಿದ್ದು ಅಂತ ಅವಳಿಗೆ ಅನಿಸಿತು. ಅವಳು ಮೋಸ ಮಾಡುತ್ತಿದ್ದೇನೆ ಅಂದುಕೊಂಡು ಮಾಡಿದ್ದಲ್ಲ ಇದು. ಅಕ್ಷರ ಅನ್ನುವುದೂ ಯಾರೋ ಹಾಕಿಟ್ಟ ಗುರುತೇ, ತನ್ನದೂ ಗುರುತೇ, ಎರಡಕ್ಕೂ ವ್ಯತ್ಯಾಸ ಅವಳಿಗೆ ಕಾಣಲಿಲ್ಲ. ಕಾಣಿಸುವವರಾದರೂ ಯಾರಿದ್ದರು.

ಒಂದು ಮಾತು ಮಾತ್ರ ಚೋಟುವಿಗೆ ಗಟ್ಟಿಯಾಗಿ ಹೇಳಿದ್ದಳು. ಲಾಂಡ್ರಿಯಲ್ಲಿ ಗುರುತಿನ ಗುಟ್ಟು ಹೊರಗೆ ಬಿಡುವುದಿಲ್ಲ, ಪಕ್ಕದ ಲಾಂಡ್ರಿಯವರಿಗೆ ತಿಳಿದರೆ ಗಿರಾಕಿಯೇ ಹೋದಂತೆ. ಇದೂ ಹಾಗೇ, ಅಮ್ಮನಿಗಾಗಲಿ ಟೀಚರಿಗಾಗಲಿ ಹೇಳಬಾರದು, ಇದು ನಮ್ಮಿಬ್ಬರದು. ಚೋಟು ಬಾಯಿಗೆ ಬೀಗ ಹಾಕಿ ಬೀಗದ ಕೈಯನ್ನು ಕಿಟಕಿಯಿಂದ ಆಚೆ ಎಸೆದ ಹಾಗೆ ಮಾಡಿ ತೋರಿಸಿದಳು.

ದಿನಾ ಏಳು ಸಲ ಪೆನ್ನು ಎಳೆದು ಡೈರಿಗೆ ಸಹಿ ಬೀಳುತ್ತಿತ್ತು. ಶಾಲೆಯಲ್ಲೂ ಚೋಟು ತನ್ನ ಪುಸ್ತಕದಿಂದ ಓದು ಅಂದರೆ ಓದುತ್ತಿದ್ದಳು. ಬೋರ್ಡಿನ ಮೇಲೆ ಬರೆದದ್ದು ಓದು ಅಂದರೆ ಬಾಯಿ ಬಿಡುತ್ತಿರಲಿಲ್ಲ. ಉಕ್ತಲೇಖನ ಕೊಟ್ಟರೆ ಹಾಳೆಯ ತುಂಬ ಕೊಕ್ಕೆ, ಚುಕ್ಕೆ, ಗೆರೆ. ಮಗು ಬಾಯಿಪಾಠ ಮಾಡಿಕೊಂಡು ಬರುತ್ತಿದೆ, ಬರೆಯಲು ಹೇಳಿದರೆ ಗೀಚುತ್ತದೆ ಅಂತ ಟೀಚರ್ ಅಂದುಕೊಂಡರು. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು ಕಳಿಸಿದರು.

ಕೆಂಪಿನಲ್ಲಿ ಬರೆದಿದ್ದನ್ನು ನೋಡಿ ಗುರುತಮ್ಮನಿಗೆ ಎದೆ ಉಬ್ಬಿತು. ಅವಳ ಲೋಕದಲ್ಲಿ ಕೆಂಪು ಅಂದರೆ ಮೇಲಿನ ದರ್ಜೆ, ಜೋಪಾನ ಮಾಡಬೇಕಾದ ವಸ್ತು. ಟೀಚರ್ ನಿನ್ನನ್ನ ಮೆಚ್ಚಿ ಕೆಂಪಲ್ಲಿ ಬರೆದಿದ್ದಾರೆ ಅಂತ ಚೋಟುವಿನ ಕೆನ್ನೆ ಹಿಂಡಿ, ಆ ಎರಡು ಸಾಲಿನ ಕೆಳಗೆ ತನ್ನ ಸಹಿ ಹಾಕಿದಳು. ಸೊಸೆ ಕೇಳಿದಾಗ ಎಲ್ಲ ಚೆನ್ನಾಗಿ ನಡೀತಿದೆ ಅಂದಳು. ಮುಂದಿನ ತಿಂಗಳು ಮತ್ತೆ ಕೆಂಪು ಸಾಲು ಬಂತು, ಅದರ ಮುಂದಿನ ತಿಂಗಳೂ ಬಂತು. ಮೂರಕ್ಕೂ ಸಹಿ ಬಿತ್ತು.

ಅರ್ಧ ವರ್ಷದ ಪರೀಕ್ಷೆಗೆ ಮನೆಯವರೂ ಬರಬೇಕು ಅಂತ ಕರೆ ಬಂದಾಗ ಅತ್ತೆ ಸೊಸೆ ಇಬ್ಬರೂ ಹೋದರು. ಗುರುತಮ್ಮ ಒಳ್ಳೆಯ ಸೀರೆ ಉಟ್ಟಿದ್ದಳು. ದೊಡ್ಡ ಮೇಡಂ ಕೋಣೆಯಲ್ಲಿ ಒಂದು ಉದ್ದ ಮೇಜು, ಒಂದು ಕಡೆ ಮೇಡಂ ಮತ್ತು ಟೀಚರ್, ಇನ್ನೊಂದು ಕಡೆ ಇವರು ಮೂವರು. ಚೋಟುವಿನ ಗಲ್ಲ ಮೇಜಿನ ಅಂಚಿಗೆ ಬರುತ್ತಿತ್ತು. ಮೇಡಂ ಒಂದು ಹೊಸ ಪುಸ್ತಕ ತೆರೆದು ಮುಂದಿಟ್ಟರು, ದಪ್ಪ ಅಕ್ಷರ, ನಾಲ್ಕೇ ಸಾಲು. ಚೋಟು ಪುಟ ನೋಡಿದಳು. ಬೆಳಕಿಗೆ ಓರೆ ಮಾಡಿ ನೋಡಿದಳು. ಹಾಳೆ ತಿರುವಿ ಹಿಂಬದಿ ನೋಡಿದಳು. ಬೆರಳಲ್ಲಿ ಸವರಿದಳು.

"ಇದಕ್ಕೆ ಗುರುತೇ ಹಾಕಿಲ್ಲ," ಅಂದಳು.

ಟೀಚರ್ ಚೀಲದಿಂದ ಹುಡುಗಿಯ ಹಳೇ ಪುಸ್ತಕ ತೆಗೆದು ಕಣ್ಣಿನ ಹತ್ತಿರ ಹಿಡಿದರು. ಆರು ತಿಂಗಳಿಂದ ನೋಡಿದ್ದೇ ಪುಸ್ತಕ, ಈಗ ಕಂಡಿತು. ಈ ಚುಕ್ಕೆ ಗೆರೆ ಎಲ್ಲ ಯಾರು ಹಾಕಿದ್ದು ಅಂತ ಕೇಳಿದರು. ಚೋಟು ಒಂದು ಸಲ ಅಜ್ಜಿಯ ಕಡೆ ತಿರುಗಿದಳು, ಮತ್ತೆ ಮುಂದೆ ನೋಡಿದಳು.

"ನಾನೇ ಹಾಕ್ಕೊಂಡೆ. ಅಜ್ಜಿಗೆ ಓದೋಕೆ ಬರುತ್ತೆ."

ಯಾರೂ ಕೇಳದ ಎರಡನೇ ಮಾತನ್ನೂ ಸೇರಿಸಿ ಹೇಳಿದಳು ಪಾಪದ ಕೂಸು. ದೊಡ್ಡ ಮೇಡಂ ಅಜ್ಜಿಯ ಕಡೆ ತಿರುಗಿ, ದಿನಾ ಓದಿಸಿದ್ದು ನೀವೇನಾ ಅಂದರು. ಹೂಂ ಅಂದಳು ಗುರುತಮ್ಮ. ಅಕ್ಷರ ಕೂಡಿಸಿ ಓದಿಸಿದ್ರಾ ಅಂದರು. ಪಕ್ಕದಲ್ಲಿ ಸೊಸೆ ಕೂತಿದ್ದಳು, ಅತ್ತೆಯ ಮೇಲೆ ನಂಬಿಕೆ ಇಟ್ಟುಕೊಂಡು ಅವಳ ಬಾಯನ್ನೇ ನೋಡುತ್ತಾ. ಗುರುತಮ್ಮ ಅದಕ್ಕೂ ಹೂಂ ಅಂದಳು. ಮುಗಿಯಿತು. ದಿನವೂ ಮನೆಯಲ್ಲಿ ಅರ್ಧ ಗಂಟೆ ಕಲಿಸಿಯೂ ಒಂದಕ್ಷರ ಹತ್ತಲಿಲ್ಲ ಅಂದರೆ ತಪ್ಪು ಕಲಿಸಿದವರದಲ್ಲ, ಮಗುವಿನ ತಲೆಯದು ಅಂತ ಬರೆದುಕೊಂಡರು. ಸೇತುವೆ ಆಚೆಯ ಶಾಲೆಗೆ ಕಳಿಸಲು ಒಪ್ಪಿಗೆಯ ಕಾಗದವನ್ನು ಮೇಡಂ ಮುಂದೆ ಸರಿಸಿದರು. ಸೊಸೆ ಅದನ್ನು ಎರಡು ಸಲ ಓದಿ, ಮೂಗು ಒರೆಸಿಕೊಂಡು ಸಹಿ ಹಾಕಿದಳು.

ವಾಪಸು ಬರುವಾಗ ಸೊಸೆ ಮುಂದೆ ಮುಂದೆ ನಡೆದಳು. ತಿರುವಿನಲ್ಲಿ ಚೋಟು ಅಜ್ಜಿಯ ಬೆರಳು ಎಳೆದು, ನಾನು ಹೇಳಲೇ ಇಲ್ಲ ಅಲ್ವಾ, ಅಂತ ಪಿಸುಗುಟ್ಟಿದಳು. ಹೊಗಳಿಕೆಗೆ ಕಾಯುತ್ತಿತ್ತು ಅವಳ ಮುಖ. ಜಾಣೆ ಅಂತ ಗುರುತಮ್ಮನ ಬಾಯಿ ತನ್ನಷ್ಟಕ್ಕೆ ಹೇಳಿತು. ಆ ಮಾತು ಆಡಿದ ನಾಲಿಗೆಯನ್ನು ಕಿತ್ತು ಬಿಸಾಕಬೇಕು ಅಂತ ಆಮೇಲೆ ಎಷ್ಟು ಸಲ ಅನಿಸಿತೋ ಅವಳಿಗೆ.

ನಾಲ್ಕು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಐದನೇ ದಿನ ಲಾಂಡ್ರಿಯಲ್ಲಿ ಡಾಕ್ಟರ ಮನೆಯ ದಿಂಬಿನ ಚೀಲಕ್ಕೆ ವಕೀಲರ ಗುರುತು ಹಾಕಿದ್ದನ್ನು ಇಸ್ತ್ರಿ ಮುದುಕ ತೋರಿಸಿದ. ಅವಳು ಅದನ್ನು ಬಿಚ್ಚಿ ಸರಿಮಾಡಿ, ಎದ್ದು ನೇರ ಶಾಲೆಗೆ ಹೋದಳು. ಪಾಠ ಇನ್ನೂ ಶುರುವಾಗಿರಲಿಲ್ಲ. ಟೀಚರ್ ಸೀಮೆಸುಣ್ಣದ ಡಬ್ಬಿ ಹಿಡಿದು ವೆರಾಂಡದಲ್ಲಿ ನಿಂತಿದ್ದರು. ನನಗೆ ಓದು ಬರಲ್ಲ ತಾಯಿ ಅಂದಳು. ಟೀಚರ್ ನಂಬಲಿಲ್ಲ. ಮೊಮ್ಮಗಳನ್ನು ಉಳಿಸಿಕೊಳ್ಳಲು ಎಲ್ಲ ಅಜ್ಜಿಯರೂ ಏನಾದರೊಂದು ಹೇಳುತ್ತಾರೆ ಅಂದುಕೊಂಡು, ಇಷ್ಟು ಚೆನ್ನಾಗಿ ಸಹಿ ಹಾಕ್ತೀರಲ್ಲಮ್ಮ ಅಂದರು. ಬರುತ್ತೆ ಅನ್ನುವುದನ್ನು ತೋರಿಸಬಹುದು, ಬರಲ್ಲ ಅನ್ನುವುದನ್ನು ಹೇಗೆ ತೋರಿಸುವುದು? ಗುರುತಮ್ಮ ಅಲ್ಲೇ ನೆಲದ ಮೇಲೆ ಕೂತು, ಸೀಮೆಸುಣ್ಣ ಕೇಳಿ ಇಸಿದುಕೊಂಡು, ಹಸುವಿನ ಪಾಠ ಪೂರ್ತಿ ಕೊಕ್ಕೆ ಚುಕ್ಕೆಯಲ್ಲಿ ಬರೆಯುತ್ತಾ ಬಾಯಲ್ಲಿ ಹೇಳುತ್ತಾ ಹೋದಳು. ಅರ್ಧಕ್ಕೆ ಬರುವಷ್ಟರಲ್ಲಿ ಟೀಚರೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು.

"ಮುನ್ನೂರು ಗುರುತು ನೆನಪಿಟ್ಟುಕೊಂಡಿರೋ ಮಗು," ಅಂದರು. "ಐವತ್ತು ಅಕ್ಷರ ಕಲೀತಿರಲಿಲ್ವಾ? ಅವತ್ತೇ ಯಾಕೆ ಹೇಳಲಿಲ್ಲ ನೀವು?"

ಗುರುತಮ್ಮ ನೆಲದ ಮೇಲಿನ ಗುರುತುಗಳನ್ನು ಸೆರಗಿನಿಂದ ಒರೆಸತೊಡಗಿದಳು. ಕಾಗದ ಮೇಲಕ್ಕೆ ಹೋಗಿಯಾಗಿದೆ, ಇನ್ನು ತಾಯಿ ಬರೆದುಕೊಟ್ಟರೆ ವರ್ಷದ ಕೊನೆಗೆ ಮತ್ತೊಮ್ಮೆ ಪರೀಕ್ಷೆ ಮಾಡುತ್ತಾರೆ, ಅಲ್ಲಿವರೆಗೆ ಹುಡುಗಿ ಸೇತುವೆ ಆಚೆಯ ಶಾಲೆಯಲ್ಲೇ ಇರಬೇಕು ಅಂತ ಟೀಚರ್ ಹೇಳಿದರು. ಅವರ ದನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗಾದೆ ಕಟ್ಟಿದವರೇನು ಸುಮ್ಮನೆ ಕಟ್ಟಿದ್ದಲ್ಲ.

ಮಾರನೇ ಬೆಳಿಗ್ಗೆ ಸೊಸೆ ಯೂನಿಫಾರಂ ಮಡಚುತ್ತಿದ್ದಾಗ ಗುರುತಮ್ಮ ಎಲ್ಲ ಹೇಳಿದಳು. ನಾಲ್ಕನೇ ಕ್ಲಾಸಿನಿಂದ ಹಿಡಿದು ಎರಡು ಹೂಂ ತನಕ, ಒಂದೂ ಬಿಡದೆ. ಸೊಸೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಮೂಲೆಯಿಂದ ಡೈರಿ ತಂದು, ಮೇಜಿನ ಮುಂದೆ ಕೂತು ಹಾಳೆ ತಿರುವಿದಳು. ನಾನೂ ಒಂದು ದಿನ ತೆಗೆದು ನೋಡಲಿಲ್ಲವಲ್ಲ ಅಂತ ತನಗೇ ಹೇಳಿಕೊಂಡಳು. ಆಮೇಲೆ ಕೆಂಪು ಸಾಲುಗಳನ್ನು ಒಂದೊಂದಾಗಿ ಜೋರಾಗಿ ಓದಿದಳು, ಅತ್ತೆಗೆ ಕೇಳಲಿ ಅಂತ. ಮೊದಲನೆಯದು: ಮಗು ಅಕ್ಷರ ಗುರುತಿಸುತ್ತಿಲ್ಲ, ದಯವಿಟ್ಟು ಬಂದು ಕಾಣಿ. ಎರಡನೆಯದು: ಉಕ್ತಲೇಖನದಲ್ಲಿ ಬರೀ ಗೀಚುತ್ತಾಳೆ, ಮನೆಯಲ್ಲಿ ಅಕ್ಷರ ಬರೆಸಿ. ಮೂರನೆಯದನ್ನು ಬೆರಳಿಟ್ಟು ಓದಿದಳು.

"ಸಂಜೆ ಪಾಠದಲ್ಲಿ ಒಂದು ಜಾಗ ಖಾಲಿಯಾಗಿದೆ. ಬೇಕಿದ್ದರೆ ಶುಕ್ರವಾರದೊಳಗೆ ತಿಳಿಸಿ." ಓದಿ ಬೆರಳನ್ನು ಕೆಳಕ್ಕೆ ಜಾರಿಸಿದಳು. "ಇದು ನಿಮ್ಮ ಸಹಿ, ಅತ್ತೆ."

ಗುರುತಮ್ಮ ಆ ಏಳು ಗೀಟುಗಳನ್ನು ನೋಡಿದಳು. ಒಂದು ಗೀಟೂ ತಪ್ಪಿರಲಿಲ್ಲ.

ಸೊಸೆ ಅರ್ಜಿ ಬರೆದು ಕೊಟ್ಟಳು. ಅದು ಎಲ್ಲಿ ಹೋಯಿತೋ, ಯಾರ ಮೇಜಿನ ಮೇಲಿದೆಯೋ, ಉತ್ತರ ಬಂದಿಲ್ಲ. ಚೋಟುವನ್ನು ದಿನಾ ಒಂದು ಹಳದಿ ವ್ಯಾನು ಬಂದು ಸೇತುವೆ ಆಚೆ ಕರೆದೊಯ್ಯುತ್ತದೆ. ಅಲ್ಲಿಯವರು ಕೆಟ್ಟವರಲ್ಲ, ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಎರಡನೇ ವಾರಕ್ಕೆ ಹುಡುಗಿ ಒಂದು ಮಣಿಸರ ಮಾಡಿಕೊಂಡು ಬಂದು ಅಜ್ಜಿಯ ಕೊರಳಿಗೆ ಹಾಕಿದಳು. ಅವಳಿಗೆ ಅಲ್ಲಿ ಹಿಡಿಸಿಬಿಟ್ಟಿದೆ, ಅದೇ ಸಂಕಟ. ಅಲ್ಲಿ ಯಾರೂ ಅವಳಿಗೆ ಬರದೇ ಇರುವುದನ್ನು ಕೇಳುವುದಿಲ್ಲ.

ಈಗ ಸೊಸೆ ಬೆಳಿಗ್ಗೆ ನಿದ್ದೆ ಬಿಟ್ಟು ತಾನೇ ಕೂರುತ್ತಾಳೆ. ಹೊಸದಾಗಿ ತಂದ ಪುಸ್ತಕ, ಗುರುತಿಲ್ಲದ್ದು. ಒಂದಕ್ಷರಕ್ಕೆ ಬೆರಳಿಟ್ಟು ದನಿ ಹೇಳಿಸುತ್ತಾಳೆ, ಬಳಪ ಕೊಟ್ಟು ತಿದ್ದಿಸುತ್ತಾಳೆ. ಅತ್ತೆಯ ಜೊತೆ ಬೇಕಾದ್ದಷ್ಟೇ ಮಾತು. ಗುರುತಮ್ಮ ಒಲೆಯ ಹತ್ತಿರ ಕೂತು ಆ ದನಿಗಳನ್ನು ಕೇಳಿಸಿಕೊಳ್ಳುತ್ತಾಳೆ, ಒಂದೆರಡು ಅವಳಿಗೂ ಹತ್ತಿದೆ.

ಆವತ್ತು ಭಾನುವಾರ. ಚೋಟು ಎರಡು ಅಕ್ಷರ ಹೇಳಿ ಮೂರನೆಯದಕ್ಕೆ ಬಳಪ ಕೆಳಗಿಟ್ಟಳು. ಹಟವಲ್ಲ, ಅಳುವಲ್ಲ. ನಂಗೆ ಬರಲ್ಲಮ್ಮ, ನಾನು ಆ ಶಾಲೆಯವಳಲ್ವಾ, ಅಂತ ದೊಡ್ಡವರು ಸಣ್ಣವರಿಗೆ ತಿಳಿಹೇಳುವ ಹಾಗೆ ಹೇಳಿದಳು. ಸೊಸೆ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಗುರುತಮ್ಮ ಒಲೆ ಬಿಟ್ಟು ಎದ್ದು ಬಂದು ಮೊಮ್ಮಗಳ ಮುಂದೆ ಕೂತಳು. ಬರದೇ ಇರೋದು ನಿನಗಲ್ಲ ಮಗಾ, ನನಗೆ, ನಾನೇ ತಪ್ಪು ಕಲಿಸಿದ್ದು, ನೀನು ಜಾಣೆ, ಅಂತ ಸೊಸೆ ಕೇಳುವ ಹಾಗೆಯೇ ಹೇಳಿದಳು. ಚೋಟು ಅಜ್ಜಿಯ ಮುಖವನ್ನೇ ನೋಡಿದಳು. ಆಮೇಲೆ ಸಮಾಧಾನ ಮಾಡಲು ಹತ್ತಿರ ಸರಿದು ಅವಳ ಕೊರಳಿಗೆ ಕೈ ಹಾಕಿದಳು.

"ಹೋಗ್ಲಿ ಬಿಡಜ್ಜಿ. ನಿಂಗೂ ಬರಲ್ಲ, ನಂಗೂ ಬರಲ್ಲ. ನಾವಿಬ್ರೂ ಒಂದೇ."